ಗದಿಗೆವ್ವ ಬಚ್ಚಿಟ್ಟ ಹೆಸರು

ನನಗೆ ಹೆಸರಿಟ್ಟದ್ದು ಹೊಟ್ಟೆಕಿಚ್ಚು. ಇಟ್ಟವಳು ನನ್ನ ಸೋದರತ್ತೆ ಗದಿಗೆವ್ವ. ಅವಳ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ. ಹಾಗಂತ ಬೇರೆ ಯಾರಾದರೂ ಅವಳನ್ನು ಬೈದರೆ ಕೇಳಿಕೊಂಡು ಕೂರುವವಳಲ್ಲ ನಾನು. ಅವಳನ್ನು ಬೈಯುವ ಹಕ್ಕು ನಮ್ಮ ಮನೆಯವರಿಗಷ್ಟೇ.

ಅತ್ತೆ ಹುಟ್ಟಿದ್ದು ಗದಗಿನ ಹತ್ತಿರದ ನಮ್ಮ ಅಸುಂಡಿಯಲ್ಲಿ, ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ. ಆಗ ಅಸುಂಡಿ ಬ್ರಿಟಿಷರದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ತವರಿಗೆ ಬಂದಾಗಲೆಲ್ಲ ತನ್ನದು ರಾಜರ ಊರೆಂದು ಜಂಬ ಕೊಚ್ಚುತ್ತಿದ್ದಳಂತೆ. ರಾಜರ ಊರಲ್ಲಿ ಇವಳಿಗಿದ್ದದ್ದು ಎರಡು ಎಮ್ಮೆ, ದ್ಯಾಮಪ್ಪ ಮಾವನೆಂಬ ಬಾಯಿ ಸತ್ತ ಗಂಡ, ಊರಾಚೆ ಒಂದಿಷ್ಟು ಹೊಲ. ಬೆಣ್ಣೆ ಕೊಡಲು ಸಂಸ್ಥಾನದ ಕಾರಭಾರಿಯೊಬ್ಬರ ಮನೆಗೆ ಹೋಗುತ್ತಿದ್ದಳು. ಒಂದು ದಿನ ಆ ಮನೆಯ ಮರಾಠಿ ಯಜಮಾನಿ ಒಳಗಿನಿಂದ ತನ್ನ ಮಗಳನ್ನು ಕರೆದಳು: ಕುಮುದಿನೀ. ಅತ್ತೆ ಬೆಣ್ಣೆಯ ಗಡಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

ನಮ್ಮ ಕಡೆ ಹೆಣ್ಣು ಹುಟ್ಟಿದರೆ ಹನಮವ್ವ, ದೇವವ್ವ, ಮುತ್ತವ್ವ. ಓಣಿಯಲ್ಲಿ ನಿಂತು ಒಂದು ಹೆಸರು ಕೂಗಿದರೆ ನಾಲ್ಕು ಬಾಗಿಲಿನಿಂದ 'ಓ' ಅನ್ನುತ್ತಿದ್ದರು. ಕುಮುದಿನಿ ಎಂಬಂಥ ಹೆಸರೂ ಮನುಷ್ಯರಿಗಿರುತ್ತದೆ ಎಂದು ಅತ್ತೆಗೆ ಅವತ್ತೇ ಗೊತ್ತಾದದ್ದು. ತನಗೆ ಮಗಳು ಹುಟ್ಟಿದರೆ ಇದೇ ಎಂದು ನಿಶ್ಚಯ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ, ಹೇಳಿದರೆ ಕದಿಯುತ್ತಾರೆಂಬ ಭಯ.

ಹೇಳಿದ್ದು ಒಬ್ಬಳಿಗೆ, ನನ್ನ ಅವ್ವ ಸುಮಿತ್ರವ್ವನಿಗೆ. ಅವ್ವ ಆಗ ಹೊಸ ಸೊಸೆ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವಷ್ಟು ಹೊಂದಿಕೊಂಡಿದ್ದರು. ಹೊಲದಲ್ಲಿ ಹತ್ತಿ ಬಿಡಿಸುತ್ತಾ ಅತ್ತೆ ಆ ಹೆಸರನ್ನು ಮೆಲ್ಲಗೆ ಹೇಳಿದಳು. ಅವ್ವ ಬೆಟಗೇರಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಕುಮುದಿನಿ ಅಂದರೆ ನೈದಿಲೆ, ಬೆಳದಿಂಗಳಿಗೆ ಅರಳುವ ಹೂವು ಎಂದು ಅರ್ಥ ಹೇಳಿದಳು. ಅತ್ತೆಗೆ ಅರ್ಥ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ಅವ್ವನ ಗಲ್ಲ ಹಿಂಡಿದಳಂತೆ. ಜಗಳ ಹುಟ್ಟಿದ್ದು ಅಲ್ಲೇ. ಹೆಸರು ತಂದವಳು ನಾನೆಂದು ಅತ್ತೆ, ಅರ್ಥ ಹೇಳಿದವಳು ನಾನೆಂದು ಅವ್ವ.

ಆಮೇಲೆ ವರ್ಷಗಳು ಉರುಳಿದವು. ಅತ್ತೆ ಸೋಮೇಶ್ವರನಿಗೆ ದೀಪ ಹಚ್ಚಿದಳು, ದೂದಪೀರನ ದರ್ಗಾಕ್ಕೆ ಸಕ್ಕರೆ ಓದಿಸಿದಳು, ಕಪ್ಪತಗುಡ್ಡದ ಬೇರು ಅರೆದು ಕುಡಿದಳು. ಮಡಿಲು ತುಂಬಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ ಅವಳ ಹತ್ತಿರ ಹೆಸರಿತ್ತು, ಕೂಸಿರಲಿಲ್ಲ. ಆದರೂ ಆಸೆ ಬಿಟ್ಟಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನಾನು ಹುಟ್ಟಿದೆ. ಅವ್ವನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಬಾಣಂತನ ಅಸುಂಡಿಯಲ್ಲೇ ನಡೆಯಿತು. ಕೂಸಿಗೆ ಹೆಸರಿಡುವವಳು ಸೋದರತ್ತೆ. ಅವಳು ಕೂಸಿನ ಕಿವಿಯಲ್ಲಿ ಏನು ಅನ್ನುತ್ತಾಳೋ ಅದೇ ಹೆಸರು. ಅಪ್ಪನಾಗಲಿ ಅವ್ವನಾಗಲಿ ಅದನ್ನು ಬದಲಿಸುವಂತಿಲ್ಲ. ಅಪ್ಪ ಅಕ್ಕನನ್ನು ಬಂಡಿಯಲ್ಲಿ ಕರೆತಂದ. ಬಾಣಂತಿಯ ಕೋಣೆಗೆ ಬಂದ ಅತ್ತೆ ನನ್ನನ್ನು ಎತ್ತಿಕೊಂಡಳು, ಮೂಸಿದಳು, ಕೆಳಗಿಡಲೇ ಇಲ್ಲವಂತೆ. ಆಗ ಅವ್ವ ಆಡಬಾರದ ಮಾತು ಆಡಿದಳು. ಕೆಟ್ಟ ಮನಸ್ಸಿನಿಂದಲ್ಲ, ಬುದ್ಧಿ ಇಲ್ಲದೆ.

"ಅಕ್ಕಾರ, ಕುಮುದಿನಿ ಅಂತನ ಇಡ್ರಿ. ನಿಮಗ ಇನ್ನ ಎಲ್ಲಿ ಮಕ್ಕಳಾಗತಾವು? ಹೆಸರರೆ ಮನಿಯಾಗ ಉಳೀಲಿ."

ಅತ್ತೆ ನನ್ನನ್ನು ಅವ್ವನ ಮಗ್ಗುಲಲ್ಲಿ ಮಲಗಿಸಿ ಹೊರಗೆ ಹೋದಳು. ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೀಳದೆ ಏನು ಮಾಡೀತು? ಇವಳಿಗೆ ಮಗಳೂ ಬೇಕು, ನನ್ನ ಮಗಳ ಹೆಸರೂ ಬೇಕು ಎಂದು ಹಿತ್ತಲಲ್ಲಿ ನಿಂತು ಒಬ್ಬಳೇ ಗೊಣಗಿದಳಂತೆ.

ಹೆಸರಿಡುವ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ನನ್ನನ್ನು ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು, ಮೇಲಿಂದ ಒಬ್ಬರು ತೆಗೆದುಕೊಂಡು ಒಳಗೆ ಹಾಕಿದರು. ಅತ್ತೆ ಬಗ್ಗಿ ನನ್ನ ಕಿವಿಗೆ ಬಾಯಿ ಹಚ್ಚಿ 'ಕುರ್ರ್' ಎಂದಳು, ಏನೋ ಪಿಸುಗುಟ್ಟಿದಳು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: ಹನಮವ್ವ.

ಹನಮವ್ವ ಅಪ್ಪನ ತಾಯಿ, ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ತನ್ನ ಅವ್ವ ತೊಟ್ಟಿಲಿಗೆ ತಿರುಗಿ ಬಂದಳೆಂದು ಅಪ್ಪ ಹೇಮಪ್ಪ ಕಣ್ಣೊರೆಸಿಕೊಂಡ. ಹಿರಿಯರೆಲ್ಲ ಗದಿಗೆವ್ವನ ದೊಡ್ಡ ಮನಸ್ಸನ್ನು ಹೊಗಳಿದರು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರು ನಗುತ್ತಾ ಗುದ್ದುವುದು ರೂಢಿ. ಅವತ್ತು ಬಾಣಂತಿ ಕೂಡ ಎದ್ದು ಬಂದು ಗುದ್ದಿದಳು. ಅತ್ತೆ ಮುಗ್ಗರಿಸಿ ತೊಟ್ಟಿಲು ಹಿಡಿದುಕೊಂಡಳು. ಎಲ್ಲರೂ ನಕ್ಕರು, ಅವರಿಬ್ಬರನ್ನು ಬಿಟ್ಟು.

ಅತ್ತೆ ಮಾಡಿದ್ದು ಎಂಥ ಕೆಲಸವೆಂದು ಆ ಗುದ್ದಿನಿಂದಲೇ ತಿಳಿಯಬೇಕು. ಸೊಸೆಯಾದವಳು ಗಂಡನ ತಾಯಿಯ ಹೆಸರನ್ನು ಬಾಯಲ್ಲಿ ತರಬಾರದು. ಆಕೆ ಸತ್ತರೂ ತರಬಾರದು. ಅಂದಮೇಲೆ ಅವ್ವ ಹೆತ್ತ ಮಗಳನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. 'ಏ ಇಕಿ', 'ಬಾ ಇಲ್ಲೆ', 'ಎಲ್ಲಿ ಸತ್ತಿ' ಎಂದು ದನವನ್ನು ಕರೆದಂತೆ ನನ್ನನ್ನು ಕರೆಯುತ್ತಿದ್ದಳು. ಎಮ್ಮೆಯ ಕರುವಿಗೂ ಗೌರಿ ಎಂಬ ಹೆಸರಿತ್ತು. ಅದಕ್ಕೆ ಗೌರೀ ಎಂದಾಗ ಅವ್ವನ ದನಿ ಮೆತ್ತಗಾಗುತ್ತಿತ್ತು. ನನಗೆ ಕರುವಿನ ಮೇಲೂ ಸಿಟ್ಟು ಬರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ನನ್ನನ್ನು ಲಕ್ಷ್ಮೇಶ್ವರಕ್ಕೆ ಕಳಿಸುತ್ತಿದ್ದರು. ಅಷ್ಟರಲ್ಲಿ ಸಂಸ್ಥಾನ ಮುಳುಗಿತ್ತು, ಕಾರಭಾರಿಯ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು. ಅತ್ತೆ ಹಿತ್ತಲಲ್ಲಿ ಕೂರಿಸಿಕೊಂಡು ನನ್ನ ತಲೆ ಬಾಚುವಳು. ಸುತ್ತ ಯಾರೂ ಇಲ್ಲವೆಂದು ನೋಡಿ ಕಿವಿಯ ಹತ್ತಿರ ಬಾಯಿ ತಂದು 'ಕುಮುದಿನೀ' ಎನ್ನುವಳು. ನಾನು 'ಓ' ಎನ್ನಬೇಕು. ತೊಟ್ಟಿಲಲ್ಲಿ ಮೊದಲು ಕಿವಿಗೆ ಊದಿದ್ದು ಇದನ್ನೇ, ಹನಮವ್ವ ಎಂಬುದು ಮಂದಿಗೆ ಹೇಳಿದ್ದು ಎಂದು ಅವಳೇ ತಿಳಿಸಿದಳು.

"ಇದು ನಿನ್ನ ಖರೆ ಹೆಸರು. ನಿಮ್ಮವ್ವನ ಮುಂದ ಹೇಳಿದಿ ಅಂದ್ರ ನಾ ಮತ್ತ ಕರಿಯಂಗಿಲ್ಲ ನೋಡು."

ನಾನು ಯಾಕೆ ಹೇಳಲಿ? ನನ್ನನ್ನು ಚೆಂದದ ಹೆಸರಿನಿಂದ ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ. ಅಸುಂಡಿಗೆ ತಿರುಗಿ ಬಂದರೆ ಊಟ ಸೇರುತ್ತಿರಲಿಲ್ಲ, ಅತ್ತಿ ಮನಿ ಅತ್ತಿ ಮನಿ ಎಂದು ಅಳುತ್ತಿದ್ದೆ. ಅವಳು ಏನು ತಿನ್ನಿಸಿದಳು, ಏನು ಮಾಟ ಮಾಡಿದಳು ಎಂದು ಅವ್ವ ಕೆದಕಿ ಕೆದಕಿ ಕೇಳುವಳು. ನಾನು ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಅವ್ವ ನನ್ನ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ನನ್ನನ್ನೇ ಅಪ್ಪಿಕೊಂಡು ಅತ್ತಳು. ಹೆತ್ತವಳು ನಾನು, ಉಣ್ಣುವವಳು ಅವಳು ಎಂದಳು.

ಕನ್ನಡ ನಾಡೆಲ್ಲ ಒಂದಾಯಿತೆಂದು ಗದಗಿನಲ್ಲಿ ಮೆರವಣಿಗೆ ಮಾಡಿದ ವರ್ಷ ಅವ್ವ ಇನ್ನೊಂದು ಹೆಣ್ಣು ಹೆತ್ತಳು. ಎಲ್ಲೆಲ್ಲೋ ಹಂಚಿಹೋಗಿದ್ದ ಊರುಗಳು ಒಂದೇ ರಾಜ್ಯವಾದವು. ಅವ್ವ, ಅತ್ತೆ ಒಂದಾಗಲಿಲ್ಲ. ಈ ಸಲ ಅವ್ವ ಹುಷಾರಾಗಿದ್ದಳು. ಕೂಸಿನ ಹೆಸರು ಕುಮುದಿನಿ ಎಂದು ಓಣಿಗೆಲ್ಲ ಮೊದಲೇ ಸಾರಿದಳು. ಅಪ್ಪನಿಂದ ಭಾಷೆ ತೆಗೆದುಕೊಂಡಳು. ಅತ್ತೆ ಬಂದಾಗ ಅವಳ ಕಿವಿಗೂ ಬಿತ್ತು. ತಲೆ ಬೆಳ್ಳಗಾಗಿತ್ತು ಅತ್ತೆಗೆ. ಇನ್ನು ಹೆರುವ ಮಾತಿರಲಿಲ್ಲ. ಆಗಲಿ, ಇಡುತ್ತೇನೆ ಎಂದಷ್ಟೇ ಅಂದಳು.

ನನಗೆ ಮಾತ್ರ ಜೀವ ಹೋದಂತಾಯಿತು. ಗುಗ್ಗರಿ ತುಂಬಿದ ತಾಟು ಹಿಡಿದು ತೊಟ್ಟಿಲ ಹತ್ತಿರ ನಿಂತಿದ್ದೆ. ನಿನ್ನೆ ಮೊನ್ನೆ ಹುಟ್ಟಿದ ಈ ಕೆಂಪು ಇಲಿಮರಿಗೆ ನನ್ನ ಹೆಸರೇ? ಇನ್ನು ಅತ್ತೆ ಹಿತ್ತಲಲ್ಲಿ ಇದರ ತಲೆ ಬಾಚುತ್ತಾಳೆ, ಇದು 'ಓ' ಎನ್ನುತ್ತದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತೊಟ್ಟಿಲಿಗೆ ಬಗ್ಗಿದಳು. ನನ್ನ ಕೈಯಿಂದ ತಾಟು ಬಿತ್ತು, ಗುಗ್ಗರಿ ನೆಲದ ತುಂಬ ಚೆಲ್ಲಿತು.

"ಅದು ನಂದು. ಅತ್ತಿ, ಅದನ್ನ ನನಗ ಕೊಟ್ಟಿ, ಈಗ ಇದಕ್ಕ ಕೊಡಬ್ಯಾಡ."

ಅವ್ವ ನನ್ನ ರಟ್ಟೆ ಹಿಡಿದು ಕೇಳಿದಳು, ನಾನು ಅಳುತ್ತಾ ಎಲ್ಲ ಒದರಿದೆ. ಹಿತ್ತಲು, ಬಾಚಣಿಗೆ, ತೊಟ್ಟಿಲಲ್ಲಿ ಮೊದಲು ಕಿವಿಗೆ ಊದಿದ ಖರೆ ಹೆಸರು, ಒಂದೂ ಬಿಡಲಿಲ್ಲ. ಅವ್ವನ ಮುಖ ಸುಣ್ಣದಂತಾಯಿತು.

"ನನ್ನ ಬಾಯಿ ಕಟ್ಟಿ, ನೀವು ಕರಕೋಂತ ಕುಂತ್ರೇನ್ರಿ ಅಕ್ಕಾರ?"

ಅತ್ತೆ ಸುಳ್ಳು ಹೇಳಲಿಲ್ಲ. "ಹೂಂ. ನಂದಂತ ಒಂದರೆ ಇರಲಿ ಅಂತ ಮಾಡಿದೆ," ಎಂದಳು.

ಅವ್ವ ಚೆಲ್ಲಿದ ಗುಗ್ಗರಿ ಬಳಿದು ತಾಟಿಗೆ ಹಾಕಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಆತು. ಈ ಕೂಸಿಗೆ ಗದಿಗೆವ್ವ ಅಂತ ಇಡ್ರಿ. ಅತ್ತಿ ಹೆಸರು ಹಿಡಿಯಾಕ ಬರಂಗಿಲ್ಲ, ನಾದಿನಿ ಹೆಸರು ಹಿಡಿಯಾಕ ಯಾರ ಅಡ್ಡಿನೂ ಇಲ್ಲ. ಮುಂಜಾನೆದ್ದು ಬಾಯಿತುಂಬ ಬೈತೀನಿ."

ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಅತ್ತೆ ಬಗ್ಗಿ ತನ್ನ ಹೆಸರನ್ನೇ ಕೂಸಿನ ಕಿವಿಯಲ್ಲಿ ಹೇಳಬೇಕಾಯಿತು. ಬೆನ್ನಿಗೆ ಉಳಿದವರು ಗುದ್ದಿದರು. ಅವ್ವ ಕೈ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಪಡಸಾಲೆಯಲ್ಲಿ ಬುತ್ತಿಗಂಟು ಕಟ್ಟುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಅವ್ವ ಅಂಗಳದಲ್ಲಿ ನಿಂತು ಕೂಗಿದಳು: ಕುಮುದಿನೀ. ನಾನು ಅಲ್ಲೇ ಕಣ್ಣೆದುರಿಗೆ ಇದ್ದೆ, ಕೂಗುವ ಅಗತ್ಯವೇ ಇರಲಿಲ್ಲ. ಅವ್ವ ಮತ್ತೆ ಕೂಗಿದಳು, ಓಣಿಯ ಆ ತುದಿಗೆ ಕೇಳುವ ಹಾಗೆ. ಗಂಟು ಕಟ್ಟುತ್ತಿದ್ದ ಅತ್ತೆಯ ಕೈ ನಿಂತಿತು. ಹೆತ್ತ ಮೇಲೆ ಮೊದಲ ಸಲ ಅವ್ವ ನನ್ನನ್ನು ಹೆಸರು ಹಿಡಿದು ಕರೆದಿದ್ದಳು. ನಾನು 'ಓ' ಎಂದು ಓಡಿಹೋದೆ. ಹಿಂತಿರುಗಿ ಸಹ ನೋಡಲಿಲ್ಲ.

ಬಂಡಿ ಹೊರಡುವಾಗ ನೆನಪಾಗಿ ಊರ ಅಗಸಿ ಬಾಗಿಲವರೆಗೆ ಓಡಿದೆ. ಬಂಡಿಯ ಹಿಂದೆ ನೇತುಬಿದ್ದು ಅತ್ತೆಯ ಮುಖಕ್ಕೆ ನನ್ನ ಕಿವಿ ಒಡ್ಡಿದೆ, ಎಂದಿನಂತೆ ಕರೆಯಲಿ ಎಂದು. ಅತ್ತೆ ನನ್ನ ತಲೆ ಸವರಿದಳು. ಹತ್ತಿರ ಯಾರೂ ಇರಲಿಲ್ಲ, ಬಂಡಿ ಹೊಡೆಯುವ ದ್ಯಾಮಪ್ಪ ಮಾವನನ್ನು ಬಿಟ್ಟರೆ.

"ಬರ್ತೀನವಾ, ಹನಮವ್ವ," ಎಂದಳು.