ಎಕ್ಸ್‌ರೇಗೆ ಕಾಣದ ತೋಳು

ಜಡೆ ಹಾಕಿಕೊಳ್ಳುವಾಗ ಅವಳ ಕೈ ತಲೆಗೆ ಹೋಗುತ್ತಿರಲಿಲ್ಲ, ತಲೆಯೇ ಕೈಗೆ ಬರುತ್ತಿತ್ತು. ಗೋಡೆಗೊರಗಿ ಕೂತು, ಕತ್ತನ್ನು ಬಲಭುಜದ ಕಡೆ ಬಾಗಿಸಿ, ಹಲ್ಲು ಕಚ್ಚಿಕೊಂಡು ಗಂಟು ಹಾಕುತ್ತಿದ್ದಳು. ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಅರವತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಹತ್ತಿರದ ವಿಜಯಪುರದ ಆ ಮನೆಗೆ ಸೊಸೆಯಾಗಿ ಬಂದಾಗಲೇ ಅವಳ ಬಲತೋಳು ಹೀಗಿತ್ತು.

ಹಿತ್ತಲಲ್ಲಿ ರೇಷ್ಮೆ ನೂಲು ತೆಗೆಯುವ ಚರಕ. ಬಿಸಿನೀರಲ್ಲಿ ಬೇಯುವ ರೇಷ್ಮೆಗೂಡಿನಿಂದ ಎಳೆ ಹಿಡಿಯುವುದು ಭಾವನ ಕೆಲಸ, ಬೆಳಗಿನಿಂದ ಸಂಜೆವರೆಗೂ ಚಕ್ರ ತಿರುಗಿಸುವುದು ಅಕ್ಕನ ಕೆಲಸ. ಊರವರೆಲ್ಲ ಭಾವನ ಕೈಚಳಕ ಹೊಗಳುತ್ತಿದ್ದರು. ಚಕ್ರ ತಾನಾಗಿ ತಿರುಗುತ್ತೆ ಅಂದುಕೊಂಡಿದ್ದರೋ ಏನೋ! ಹಾಗಂತ ಅಕ್ಕ ಅಳುಮುಂಜಿಯಲ್ಲ. ಮುದ್ದೆ ತೊಳಸಲು ಆಗದಿದ್ದರೆ “ಬಾರೇ, ನಿನ್ನ ಬಲಗೈ ಒಂದ್ಗಳಿಗೆ ಸಾಲ ಕೊಡು” ಎಂದು ನಗುತ್ತಲೇ ಕರೆಯುತ್ತಿದ್ದಳು. ನೋವು ತಡೆಯಲಾರದೆ ಕೂತರೆ ಮಾತ್ರ ಅತ್ತೆಯ ಬಾಯಲ್ಲಿ ಮೈಗಳ್ಳಿಯಾಗುತ್ತಿದ್ದಳು.

ಕೊನೆಗೆ ಭಾವ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. “ಮೂಳೆಗೇನೂ ಆಗಿಲ್ಲ. ಸ್ನಾಯು ಹರಿದಿರಬೇಕು, ಚಕ್ರದ ಕೆಲಸ ಬಿಡಿಸಿ” ಅಂದರಂತೆ ಡಾಕ್ಟರು. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮೊದಲ ಮಾತಷ್ಟೇ ಉಳಿದಿತ್ತು.

ಆಮೇಲೆ ಶುರುವಾಯಿತು ನೋಡಿ. ಮನೆಗೆ ಯಾರೇ ಬರಲಿ, ಅತ್ತೆ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸುವರು: “ನೋಡ್ರವ್ವ, ಮೂಳೆ ಕಲ್ಲಿನಂಗೈತೆ. ಎಲ್ಲಾ ನಾಟಕ!” ನನಗೆ ಈಗಲೂ ಮೈ ಉರಿಯುತ್ತದೆ. ನೊಗ ಗಟ್ಟಿಯಿದ್ದೂ ಎತ್ತು ಕಟ್ಟುವ ಕಣ್ಣಿ ಹರಿದರೆ ಗಾಡಿ ಸಾಗುತ್ತದೆಯೇ? ಎತ್ತಿನ ವಿಷಯಕ್ಕೆ ಗೊತ್ತಿದ್ದ ಈ ಮಾತು ಹೆಂಗಸಿನ ವಿಷಯಕ್ಕೆ ಯಾರಿಗೂ ಗೊತ್ತಾಗಲಿಲ್ಲ.

ಒಂದು ದಿನ ತೂಬಗೆರೆಯ ನೆಂಟರ ಮುಂದೆ ಅದೇ ಪ್ರದರ್ಶನ ನಡೆಯುವಾಗ ಅಕ್ಕ ಕಾಫಿ ಲೋಟ ಕೆಳಗಿಟ್ಟು ಹಾಳೆಯನ್ನೇ ದಿಟ್ಟಿಸಿದಳು.

“ಇದ್ರಲ್ಲಿ ನನ್ನ ಸೀರೆನೂ ಕಾಣ್ಸಲ್ಲ ಅತ್ತೆ. ಹಂಗಂತ ನಾನು ಬತ್ತಲೆ ಹೋಗಿದ್ನಾ ಬೆಂಗಳೂರಿಗೆ?”

ನೆಂಟರು ಸೆರಗು ಬಾಯಿಗಿಟ್ಟು ನಕ್ಕರು. ಅತ್ತೆ ಮುಖ ಊದಿಸಿಕೊಂಡರು. ಚಕ್ರ ಮಾತ್ರ ನಿಲ್ಲಲಿಲ್ಲ. ಬಲಗೈ ಪೂರ್ತಿ ಸೋತ ಮೇಲೆ ಎಡಗೈಯಲ್ಲೇ ತಿರುಗಿಸಿದಳು. ನಾನು ಹೋಗಿ ಕೂತರೆ ಎಬ್ಬಿಸಿಬಿಡುತ್ತಿದ್ದಳು: “ಈ ಮನೇಗೆ ಒಂದು ತೋಳು ಕೊಟ್ಟಿದ್ದು ಸಾಕು ಕಣೇ, ಎದ್ದೋಗು.” ಬಡವನ ಕೋಪ ದವಡೆಗೆ ಮೂಲ ಅಂತ ಅತ್ತೆಯ ಮೇಲಿನ ಸಿಟ್ಟು ನುಂಗಿಕೊಂಡು ನಾನೂ ಎದ್ದುಹೋಗುತ್ತಿದ್ದೆ. ಇವತ್ತು ನನ್ನ ಎರಡೂ ಕೈ ನೆಟ್ಟಗಿವೆ ಅಂದರೆ ಅದು ಅವಳ ಋಣ.

ಎಪ್ಪತ್ತರ ದಶಕ ಮುಗಿಯುವ ಮೊದಲೇ ಕಾಮಾಲೆ ಬಂದು ಅಕ್ಕ ತೀರಿಕೊಂಡಳು. ಹೆಂಗಸರು ಸೇರಿ ಮೈ ತೊಳೆಯಲು ಕುಬಸ ತೆಗೆದರು. ಭುಜದ ಹತ್ತಿರ ಗುಳಿ ಬಿದ್ದಿತ್ತು. ಬಲತೋಳು ಎಡತೋಳಿನ ಅರ್ಧದಷ್ಟೂ ಇರಲಿಲ್ಲ. ಮಾಂಸವೆಲ್ಲ ಕರಗಿ, ಅತ್ತೆ ಊರಿಗೆಲ್ಲ ತೋರಿಸಿದ ಆ ಗಟ್ಟಿ ಮೂಳೆಯ ಮೇಲೆ ಬರೀ ಚರ್ಮ ಜೋತಿತ್ತು.

ಅತ್ತೆ ಆ ತೋಳನ್ನು ಮುಟ್ಟಿ ನೋಡಿ ಗೊಳೋ ಎಂದರು. “ಅಯ್ಯೋ ನನ್ನ ಕಂದ, ಇಷ್ಟೊಂದು ಆಗಿತ್ತಾ? ಒಂದು ಮಾತು ಹೇಳ್ಬಾರ್ದಾಗಿತ್ತಾ?”

ನಾನು ನೀರಿನ ಚೊಂಬು ಕೆಳಗಿಟ್ಟೆ.

“ಹೇಳಿದ್ಲು ಅತ್ತೆ” ಅಂದೆ. “ದಿನಾ ಹೇಳಿದ್ಲು.”