ಅಕ್ಕಿಮೂಟೆಯ ಜಾಗದಲ್ಲಿ ಗೋಪುರ

ಗುರುಕೃಪೆಯಿಂದ ನನಗೆ ಒಲಿದದ್ದು ಒಂದೇ ವಿದ್ಯೆ: ಹಳೆಯ ಕಾವ್ಯಗಳನ್ನು ರಾಗವಾಗಿ ಓದುವ ಗಮಕ. ಒಮಾನಿನಲ್ಲಿ ಅದನ್ನು ನಾನು ಮೊದಲು ಓದಿದ್ದು ಯಾವ ಸಭಾಭವನದಲ್ಲೂ ಅಲ್ಲ, ಸಹಮ್ ಪೇಟೆಯ ಒಂದು ದಿನಸಿ ಅಂಗಡಿಯಲ್ಲಿ. ಆಗ ನಾನು ಆ ಊರಿನ ಕಂಪನಿಯೊಂದರಲ್ಲಿ ಗುಮಾಸ್ತ. ಅಂಗಡಿಯ ಯಜಮಾನರು ನಮ್ಮ ಕರಾವಳಿಯವರೇ ಆದ ಬ್ಯಾರಿ ಸಜ್ಜನರು. ಹಾಜಿಯವರೆಂದೇ ನಾನು ಅವರನ್ನು ಕರೆಯುವುದು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಅವರು ಶಟರನ್ನು ಅರ್ಧಕ್ಕೆ ಎಳೆದು, ಅಕ್ಕಿಮೂಟೆಗಳ ನಡುವೆ ಚಾಪೆ ಹಾಸುತ್ತಿದ್ದರು. ದೇವರನ್ನು ನೆನೆದು ನಾನು ಓದಲು ತೊಡಗಿದರೆ ಊರ ಕಡೆಯ ಕೆಲವರು ಕುಳಿತು ಕೇಳುತ್ತಿದ್ದರು. ಷಟ್ಪದಿಯೊಂದು ಹಿಡಿಸಿತೆಂದರೆ ಹಾಜಿಯವರು ಮುಚ್ಚಿದ ಕಣ್ಣು ತೆರೆಯದೆಯೇ, "ಮಾಷ್ಟ್ರೇ, ಅದು ಇನ್ನೊಮ್ಮೆ" ಎನ್ನುತ್ತಿದ್ದರು.

ಆ ಚಾಪೆಯ ಮೇಲೆ ನನ್ನಿಂದ ಗಮಕ ಕಲಿತವನೊಬ್ಬ ಈಗ ಮಸ್ಕತ್ತಿನಲ್ಲಿ ಜಾಹೀರಾತು ವಿನ್ಯಾಸದ ಕೆಲಸದಲ್ಲಿದ್ದಾನೆ. ಊರಿನಿಂದ ಬಂದ ಹೊಸದರಲ್ಲಿ, ಕೆಲಸ ಸಿಗುವವರೆಗೆ, ಹಾಜಿಯವರ ಅಂಗಡಿಯ ಮೇಲಿನ ಕೋಣೆಯಲ್ಲಿದ್ದು ಅವರ ಅನ್ನ ಉಂಡವನು. ಈ ವರ್ಷ ಇಲ್ಲಿಯ ಕನ್ನಡಿಗರ ಸಂಘವೊಂದು ನನ್ನನ್ನು ಸನ್ಮಾನಿಸಲು ನಿಶ್ಚಯಿಸಿದಾಗ ಆಮಂತ್ರಣದ ಹೊಣೆ ಅವನ ಪಾಲಿಗೆ ಬಂತು.

"ಭಾವಚಿತ್ರ ಆ ಅಂಗಡಿಯಲ್ಲಿಯೇ ಆಗಬೇಕು, ಹಾಜಿಯವರೂ ಇರಬೇಕು" ಎಂದೆ.

"ಆಯ್ತು ಗುರುಗಳೇ. ಅದಕ್ಕಿಂತ ಒಳ್ಳೆಯ ಜಾಗ ಉಂಟಾ?" ಎಂದು ಅವನೇ ಕಾರಿನಲ್ಲಿ ಕರೆದೊಯ್ದ. ಹಾಜಿಯವರು ನನ್ನ ಎಡಭುಜದ ಮೇಲೆ ಕೈಯಿಟ್ಟು ನಿಂತರು. ಅವನು ಫೋನನ್ನು ಎತ್ತುತ್ತಿರುವಾಗ ನನ್ನ ಕಿವಿಯಲ್ಲಿ, "ಹೊಟ್ಟೆ ಒಳಗೆ ಎಳ್ಕೊಳ್ಳಿ ಮಾಷ್ಟ್ರೇ, ಮೂಟೆ ಯಾವುದು, ನೀವು ಯಾವುದು ಅಂತ ಗೊತ್ತಾಗುದಿಲ್ಲ" ಎಂದರು. ನಾನು ನಗುತ್ತ ಅವರತ್ತ ಬಾಗಿದೆ. ಚಿತ್ರದಲ್ಲಿ ಸಿಕ್ಕಿದ್ದು ಆ ಕ್ಷಣವೇ.

ಕೆಲವು ವಾರಗಳ ಬಳಿಕ, ಮಸ್ಕತ್ತಿನ ಅಲ್ ಅಜೈಬಾದಲ್ಲಿ, ಈಗ ನಾನಿರುವ ಮಗಳ ಮನೆಯಲ್ಲಿ, ಬೆಳಗಿನ ಪೂಜೆ ಮುಗಿಸಿ ಎದ್ದಾಗ, ಆಮಂತ್ರಣ ಫೋನಿಗೆ ಬಂದಿತ್ತು. ನನ್ನ ಬೆನ್ನ ಹಿಂದೆ ಉನ್ನತವಾದ ಗೋಪುರ, ಕಲ್ಲುಕಂಬಗಳು, ದೀಪಮಾಲೆ. ಮೂಟೆಗಳಿಲ್ಲ, ಹಾಜಿಯವರಿಲ್ಲ, ಭುಜದ ಮೇಲಿನ ಕೈಯೂ ಇಲ್ಲ. ಆದರೆ ನನ್ನ ಶರೀರ ಇದ್ದಂತೆಯೇ ಎಡಕ್ಕೆ ಬಾಗಿ, ಒಂದು ಕಲ್ಲುಕಂಬದೊಡನೆ ನಗುತ್ತಿತ್ತು. ಕಾಲಲ್ಲಿ ಅಂಗಡಿಯಲ್ಲಿ ಮೆಟ್ಟಿದ್ದ ಅದೇ ಚಪ್ಪಲಿ. ಆಜನ್ಮ ಬರಿಗಾಲಿನಲ್ಲಿ ಹೊಕ್ಕ ದೇವರ ಅಂಗಳದಲ್ಲಿ ನಾನು ಚಪ್ಪಲಿ ಮೆಟ್ಟಿ ನಿಂತಿದ್ದೆ.

ಶಿಷ್ಯನಿಗೆ ಫೋನು ಮಾಡಿದೆ.

"ಅಯ್ಯೋ, ಚಪ್ಪಲಿ! ನಾನು ನೋಡ್ಲೇ ಇಲ್ಲ. ಎರಡು ನಿಮಿಷ ಗುರುಗಳೇ, ತೆಗೆದುಬಿಡ್ತೇನೆ."

"ಹಾಜಿಯವರೆಲ್ಲಿ?"

"ಕಮಿಟಿಯವರಿಗೆ ಬ್ಯಾಕ್‌ಗ್ರೌಂಡ್ ಸರಿ ಕಾಣಲಿಲ್ಲ. ಮೂಟೆ, ಎಣ್ಣೆಡಬ್ಬ... ಸನ್ಮಾನ ಅಂದ ಮೇಲೆ..."

"ನಾನು ಕೇಳಿದ್ದು ಮೂಟೆಯನ್ನಲ್ಲ."

"ನೀವೊಬ್ಬರೇ ಇದ್ರೆ ಚಂದ ಅಂತ ಹೇಳಿದ್ರು. ಎಲ್ಲ ಗ್ರೂಪಿಗೂ ಹೋಗಿ ಆಯ್ತು ಗುರುಗಳೇ. ಇನ್ನು ಖಲಾಸ್."

ಸಮಿತಿಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಆ ಚಾಪೆಯನ್ನು ಕಂಡವರಲ್ಲ. ಹೇಳಿದವರು ಯಾರೇ ಇರಲಿ, ಅಳಿಸಿದ ಬೆರಳು ಆ ಅನ್ನವನ್ನು ಉಂಡ ಬೆರಳು. ಈ ಮಾತು ಎದೆಯಿಂದ ಇಳಿಯಲೇ ಇಲ್ಲ.

ಮಧ್ಯಾಹ್ನ ಹಾಜಿಯವರಿಗೆ ಫೋನು ಮಾಡಿದೆ. ಆಮಂತ್ರಣ ಅವರಿಗೂ ತಲುಪಿತ್ತು.

"ನೋಡಿದೆ ಮಾಷ್ಟ್ರೇ. ಚಪ್ಪಲಿ ಹಾಕ್ಕೊಂಡು ದೇವಸ್ಥಾನಕ್ಕೆ ಹೋಗುದು ಯಾವಾಗ ಸುರು ಮಾಡಿದ್ದು? ನಾವು ಮಸೀದಿಗೆ ಕೂಡ ಹಾಗೆ ಹೋಗುದಿಲ್ಲಪ್ಪ!" ಎಂದು ನಕ್ಕರು. ತಮ್ಮ ಬಗ್ಗೆ ಒಂದು ಮಾತಿಲ್ಲ.

"ನೀವು ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು" ಎಂದೆ.

"ಶುಕ್ರವಾರ ಅಲ್ವಾ? ಅಂಗಡಿ ನೋಡುವವರು ಯಾರೂ ಇಲ್ಲ."

ಅಷ್ಟು ವರ್ಷಗಳ ಶುಕ್ರವಾರಗಳಲ್ಲಿ ನನ್ನ ಓದಿಗಾಗಿ ಅಂಗಡಿಯ ಶಟರು ಎಳೆದವರು ಅವರು. ನಾನು ಒತ್ತಾಯಿಸಲಿಲ್ಲ.

ಸಂಜೆ ಸಂಧ್ಯಾವಂದನೆ ತೀರಿಸಿ ಶಿಷ್ಯನಿಗೆ ಮತ್ತೆ ಫೋನು ಮಾಡಿದೆ. "ನಾನು ಸನ್ಮಾನಕ್ಕೆ ಬರುವುದಿಲ್ಲ. ಆ ಚಿತ್ರದಿಂದ ನನ್ನನ್ನೂ ಅಳಿಸಿಬಿಡು."

"ಗುರುಗಳೇ! ಮತ್ತೆ ಅದರಲ್ಲಿ ಬರೀ ಗೋಪುರ ಉಳಿಯುದು!"

"ಉಳಿಯಲಿ. ಅದಕ್ಕಾದರೂ ಕೈಮುಗಿಯಬಹುದು."

ಅಂಗಡಿಯಲ್ಲಿ ತೆಗೆದ ಮೂಲ ಚಿತ್ರವನ್ನು ಕಳುಹಿಸೆಂದು ಕೇಳಿದೆ. ಹುಡುಕಿ ನೋಡುತ್ತೇನೆ ಎಂದ. ಇನ್ನೂ ಬಂದಿಲ್ಲ.