ಐದು ಗಂಟೆ ಬಸ್ಸಿನ ವಿಮರ್ಶಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ವರ್ಷ ನಾನು ಶುಕ್ರವಾರ ತಪ್ಪಿಸದೆ ಸಿನಿಮಾ ವಿಮರ್ಶೆ ಬರೆದೆ. ಆದರೆ ಹೋದ ತಿಂಗಳವರೆಗೆ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ.

ನಗಬೇಡಿ. ಇದರಲ್ಲಿ ಅರ್ಧ ತಪ್ಪು ನನ್ನದು, ಇನ್ನರ್ಧ ಬಸ್ಸಿನದು. ನಮ್ಮೂರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿ, ಎರಡು ಕೆರೆ ಏರಿ ದಾಟಿದ ಮೇಲೆ ಸಿಗುತ್ತದೆ. ಇರುವುದು ಒಂದೇ ಬಸ್ಸು. ಬೆಳಿಗ್ಗೆ ಹನ್ನೊಂದಕ್ಕೆ ಊರು ಬಿಟ್ಟು ಹನ್ನೆರಡಕ್ಕೆ ಮಧುಗಿರಿ ಸೇರುತ್ತದೆ, ಸಂಜೆ ಐದಕ್ಕೆ ವಾಪಸ್ಸು ಹೊರಡುತ್ತದೆ. ಮಧುಗಿರಿ ಟಾಕೀಸಿನಲ್ಲಿ ಮ್ಯಾಟಿನಿ ಶುರುವಾಗುವುದು ಎರಡೂವರೆಗೆ, ಬಿಡುವುದು ಐದೂಕಾಲಿಗೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ನಡಿಗೆ. ಕೂರಲು ಸೀಟೂ ಬೇಕಲ್ಲ? ಹಾಗಾಗಿ ನಾಲ್ಕು ನಲವತ್ತಾಯಿತೆಂದರೆ ತೆರೆಯ ಮೇಲೆ ನಾಯಕನ ಎದೆಗೆ ಗುಂಡು ಬಿದ್ದಿರಲಿ, ನಾಯಕಿಗೆ ಹೆರಿಗೆ ನೋವು ಬಂದಿರಲಿ, ನಮ್ಮೂರಿನವರು ಎದ್ದು, ಪಂಚೆ ಕೊಡವಿಕೊಂಡು, ಸಾಲಾಗಿ ಹೊರಟುಬಿಡುತ್ತಾರೆ. ಪಟ್ಟಣದವರು ಹಿಂದಿನಿಂದ ಬೈಯುತ್ತಾರೆ. ಬೈಸಿಕೊಂಡು ನಮಗೂ ಅಭ್ಯಾಸವಾಗಿದೆ.

ನಮ್ಮ ತಾತಂದಿರ ಕಾಲದಿಂದ ನಡೆದು ಬಂದ ಪದ್ಧತಿ ಇದು. ಇದರಿಂದಾಗಿ ನಮ್ಮೂರಿನಲ್ಲಿ ಎಷ್ಟೋ ಖಳನಾಯಕರು ಇನ್ನೂ ಬದುಕಿದ್ದಾರೆ, ಎಷ್ಟೋ ಪ್ರೇಮಿಗಳು ಇನ್ನೂ ಮದುವೆಯಾಗದೆ ಉಳಿದಿದ್ದಾರೆ. ಅವರನ್ನೆಲ್ಲ ದಡ ಸೇರಿಸುವ ಜವಾಬ್ದಾರಿ ಬಸ್ಸಿನ ಹಿಂದಿನ ಸೀಟಿನದು. ಅಲ್ಲಿ ವಾದ ನಡೆದು ಯಾರ ಗಂಟಲು ದೊಡ್ಡದೋ ಅವರು ಹೇಳಿದ್ದೇ ಕ್ಲೈಮ್ಯಾಕ್ಸು. ಒಂದು ಸಿನಿಮಾಕ್ಕೆ ಊರ ಮೇಲಿನ ಕೇರಿಯಲ್ಲಿ ಒಂದು ಕೊನೆ, ಕೆಳಗಿನ ಕೇರಿಯಲ್ಲಿ ಇನ್ನೊಂದು ಕೊನೆ ಈಗಲೂ ಚಾಲ್ತಿಯಲ್ಲಿದೆ.

ಇಂಥ ಊರಿನಲ್ಲಿ ಹುಟ್ಟಿದ ನಾನು ವಿಮರ್ಶಕನಾದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಮೊಬೈಲ್ ನೋಡಿ ನಾನೇ ಕಲಿತದ್ದು. ಬಸ್ಸು ಮೊದಲನೇ ಕೆರೆ ಏರಿ ಹತ್ತಿದರೆ ಊರು ಮುಟ್ಟುವ ತನಕ ಸಿಗ್ನಲ್ ಇರುವುದಿಲ್ಲ, ಏರಿ ಬರುವಷ್ಟರೊಳಗೆ ಬರೆದು ಹಾಕಬೇಕು. 'ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ, ಕ್ಲೈಮ್ಯಾಕ್ಸ್ ಓಕೆ.' ಈ 'ಓಕೆ' ಇದೆಯಲ್ಲ, ನೋಡದೇ ಇದ್ದವನಿಗೆ ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ. ಅದನ್ನು ಸ್ಟೇಟಸ್ಸಿಗೆ ಹಾಕಿ, ನಾಲ್ಕು ತಾಲ್ಲೂಕಿನ ಸಿನಿಮಾ ಹುಚ್ಚರ ವಾಟ್ಸ್ಆ್ಯಪ್ ಗುಂಪಿಗೂ ತಳ್ಳುತ್ತಿದ್ದೆ. ಬಸ್ಸು ಊರು ಮುಟ್ಟುವುದರೊಳಗೆ ಅದು ಶಿರಾ, ಹುಲಿಕುಂಟೆ, ಪಾವಗಡ ಎಲ್ಲ ಸುತ್ತಿರುತ್ತಿತ್ತು. ಯಾರೋ ಅಪರಿಚಿತರು ಚಹಾ ಅಂಗಡಿಯಲ್ಲಿ ನನ್ನ ವಾಕ್ಯವನ್ನು ನನಗೇ ಹೇಳಿದಾಗ ಒಳಗೊಳಗೇ ಹಿಗ್ಗುತ್ತಿದ್ದೆ.

ಬಾಯಿ ಮಾತಿನಿಂದ ಸಿನಿಮಾ ಓಡುವುದೇನೂ ಹೊಸದಲ್ಲ. ತಾತ ಹೇಳುತ್ತಿದ್ದರು: ಟೆಂಟ್ ಸಿನಿಮಾದ ಮುಂದೆ ಒಳಗೆ ಹೋಗುವವರ ಸಾಲು ಒಂದು, ಹೊರಗೆ ಬರುವವರ ಸಾಲು ಒಂದು. ಒಳಗೆ ಹೋಗುವವನು ಹೊರಗೆ ಬಂದವನನ್ನು 'ಹೆಂಗೈತ್ಲಾ?' ಎಂದು ಕೇಳುತ್ತಿದ್ದ. ಅವನು ಬಾಯಿ ಬಿಡುವ ಮುಂಚೆಯೇ ಮುಖ ಹೇಳಿಬಿಡುತ್ತಿತ್ತು. ಇನ್ನೊಂದು ಅನುಕೂಲವೆಂದರೆ, ಹೇಳುವವನು ಯಾರೆಂದು ಕೇಳುವವನಿಗೆ ಗೊತ್ತಿರುತ್ತಿತ್ತು. ಇವನಿಗೆ ಹಾವು ಹೆಡೆ ಎತ್ತಿದರೆ ಸಾಕು, ಇವನಿಗೆ ಅಳು ಬಂದರೆ ಸಾಕು ಎಂದು ಅವರವರ ಮಾತಿಗೆ ಅಷ್ಟಷ್ಟು ವಟ್ಟಾ ಕಳೆದು ಉಳಿದದ್ದನ್ನು ನಂಬುತ್ತಿದ್ದರು. ನಮ್ಮ ಕಾಲದ ಬಾಯಿಗೆ ಮುಖವೇ ಇಲ್ಲ, ಹೆಬ್ಬೆರಳು ಮಾತ್ರ. ಬರೆದವನು ಪೂರ್ತಿ ನೋಡಿ ಬರೆದನೋ, ಸೀಟು ಹಿಡಿಯುವ ಆತುರದಲ್ಲಿ ಬರೆದನೋ, ಹೆಬ್ಬೆರಳು ನೋಡಿದರೆ ಹೇಗೆ ಗೊತ್ತಾಗಬೇಕು?

ಈ ಜ್ಞಾನ ನನಗೆ ಬಂದದ್ದು ಗಂಗಕ್ಕನಿಂದ.

ಗಂಗಕ್ಕ ನಮ್ಮೂರ ಅಂಗನವಾಡಿಯ ಸಹಾಯಕಿ. ಪಾವಗಡದ ಕಡೆಯ ಹೆಣ್ಣು. ನಮ್ಮೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಪ್ರೀತಿ ಬಂದರೆ, ಸಿಟ್ಟು ಬಂದರೆ ಬಾಯಿಗೆ ತೆಲುಗು ನುಗ್ಗುತ್ತದೆ; ನನ್ನನ್ನು 'ಅಪ್ಪಾ' ಅನ್ನುವ ಬದಲು 'ನಾಯ್ನಾ' ಎನ್ನುತ್ತಾಳೆ. ಎರಡು ವರ್ಷದ ಹಿಂದೆ ಹಬ್ಬಕ್ಕೆ ತವರಿಗೆ ಹೋಗಿದ್ದಾಗ ಕೋಟೆ ಬೆಟ್ಟದ ಹತ್ತಿರ ಸಿನಿಮಾದವರು ಬಂದಿದ್ದರಂತೆ. ಚೆನ್ನಾಗಿ ಬೈಯಬಲ್ಲ ಹೆಂಗಸು ಬೇಕು ಎಂದರಂತೆ. ಇಡೀ ಊರು ಒಂದೇ ಬೆರಳು ತೋರಿಸಿತಂತೆ. ಆವತ್ತಿನಿಂದ ಗಂಗಕ್ಕ, 'ನನ್ ಸಿನ್ಮಾ ಬತ್ತದೆ ನೋಡ್ತಿರಿ' ಎಂದು ಹೇಳಿಕೊಂಡೇ ಇದ್ದಳು.

ಕೊನೆಗೂ ಬಂತು. ದೊಡ್ಡ ಹೆಸರಿನವರು ಯಾರೂ ಇಲ್ಲದ ಸಣ್ಣ ಸಿನಿಮಾ. ಅಂಗನವಾಡಿಯ ಮಕ್ಕಳನ್ನು ಬಿಟ್ಟು ಬರಲಾಗದೆ ಗಂಗಕ್ಕ ಭಾನುವಾರಕ್ಕೆ ಇಟ್ಟುಕೊಂಡಳು. ಅವತ್ತೇ ಅವಳ ತಮ್ಮ ಪಾವಗಡದಿಂದ ಟೆಂಪೋ ಮಾಡಿಕೊಂಡು ತವರಿನವರನ್ನೆಲ್ಲ ಕರೆತರುವುದೆಂದು ಮಾತಾಗಿತ್ತು. ನಾವು ಅರ್ಧ ಬಸ್ಸು ಜನ ಶುಕ್ರವಾರವೇ ಹೋದೆವು. ಎರಡು ಗಂಟೆ ಹತ್ತು ನಿಮಿಷ ಕಣ್ಣು ಮಿಟುಕಿಸದೆ ಹುಡುಕಿದೆವು. ಗಂಗಕ್ಕ ಇಲ್ಲ. ನಾಲ್ಕು ನಲವತ್ತಾಯಿತು, ಎದ್ದೆವು.

ಬಸ್ಸಿನಲ್ಲಿ ಕೂತು ನಾನು ನ್ಯಾಯದ ಆವೇಶದಲ್ಲಿ ಬರೆದೆ: 'ನಮ್ಮ ಗಂಗಕ್ಕನನ್ನು ಕತ್ತರಿಸಿ ಎಸೆದಿದ್ದಾರೆ. ಪಾವಗಡದ ಜನರನ್ನು ಕುಣಿಸಿ ಮೋಸ ಮಾಡಿದ್ದಾರೆ. ಯಾರೂ ಹೋಗಬೇಡಿ.' ಅಷ್ಟು ವೇಗವಾಗಿ ನನ್ನ ಬೇರೆ ಯಾವ ಬರಹವೂ ಓಡಿರಲಿಲ್ಲ.

ಶನಿವಾರ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಒಬ್ಬ, 'ಗಂಗಕ್ಕೋ, ಗಾಳಿಗೇನಾದ್ರೂ ಆ್ಯಕ್ಟ್ ಮಾಡಿದ್ಯಾ? ಕಣ್ಗೇ ಕಾಣ್ನಿಲ್ವಲ್ಲ!' ಎಂದ. ಎಲ್ಲರೂ ನಕ್ಕರು. ಗಂಗಕ್ಕ ಅವನನ್ನು ದಾಟಿ ನೇರ ನನ್ನ ಹತ್ತಿರ ಬಂದಳು.

'ನಾಯ್ನಾ, ನಮ್ ತಮ್ಮ ಫೋನ್ ಮಾಡಿದ್ದ. ನೀನಿಲ್ವಂತಲ್ಲಕ್ಕ, ಟೆಂಪೋ ಬ್ಯಾಡ ಅಂದ್ಬುಟ್ಟ. ಎರಡ್ ವರ್ಸದಿಂದ ಸುಳ್ಳೇಳ್ಕಂಡ್ ತಿರುಗ್ದೆ ಅಂತವ್ರೆ ಎಲ್ರೂ.' ಆಮೇಲೆ ಕೇಳಿದಳು: 'ನೀನು ಕೊನೇಗಂಟ ನೋಡಿದ್ಯಾ?'

ಮೂರು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಕಾಣದೇ ತೀರ್ಪು ಕೊಟ್ಟಿದ್ದೆ.

ಅವತ್ತೇ ಮತ್ತೆ ಮ್ಯಾಟಿನಿಗೆ ಹೋದೆ. ನಾಲ್ಕು ನಲವತ್ತಕ್ಕೆ ಕಾಲು ತಾವಾಗಿಯೇ ಎದ್ದವು, ಕೈಯಿಂದ ಮಂಡಿ ಒತ್ತಿ ಕೂರಿಸಿಕೊಂಡೆ. ಐದಕ್ಕೆ ನಮ್ಮ ಬಸ್ಸು ಹೊರಟುಹೋಗುವ ಹೊತ್ತಿಗೂ ಕೂತೇ ಇದ್ದೆ. ಐದು ಗಂಟೆ ಐದು ನಿಮಿಷಕ್ಕೆ ಬಂದಳು ನೋಡಿ ಗಂಗಕ್ಕ! ಖಳನಾಯಕನ ಜೀಪಿನ ಮುಂದೆ ಊರಿಗೆ ಊರೇ ತಲೆ ತಗ್ಗಿಸಿ ನಿಂತಿದೆ. ಒಂದು ಮನೆಯಿಂದ ಮೊರ ಹಿಡಿದುಕೊಂಡು ಹೊರಗೆ ಬರುತ್ತಾಳೆ. 'ಏಮ್ರಾ! ನಿಮ್ಮವ್ವ ನಿನ್ ಹೆರೋ ಬದ್ಲು ಒಂದು ಬೀಸೋಕಲ್ಲು ಹೆತ್ತಿದ್ರೆ ರಾಗಿನಾದ್ರೂ ಬೀಸ್ಬೋದಿತ್ತು!' ಎಂದು ಶುರುಮಾಡಿದವಳು ಎರಡು ನಿಮಿಷ ಉಸಿರು ತೆಗೆದುಕೊಳ್ಳಲಿಲ್ಲ. ಊರಿನವರು ಒಬ್ಬೊಬ್ಬರಾಗಿ ತಲೆ ಎತ್ತುತ್ತಾರೆ. ಇಡೀ ಸಿನಿಮಾ ನಿಂತಿರುವುದೇ ಆ ಮೊರದ ಮೇಲೆ. ಟಾಕೀಸಿನಲ್ಲಿದ್ದ ಬೆರಳೆಣಿಕೆಯ ಪಟ್ಟಣದ ಜನ ಶಿಳ್ಳೆ ಹೊಡೆದರು. ಆದರೆ ಅವರಿಗೇನು ಗೊತ್ತು ಆಕೆ ಗಂಗಕ್ಕ ಎಂದು?

ಹೊರಗೆ ಬಂದು ಟಾಕೀಸಿನ ಮ್ಯಾನೇಜರ್ ಬಾಷಾ ಸಾಬರ ಮುಂದೆ ನಿಂತೆ. ಶಿರಾದವರು, ಮೃದು ಮನುಷ್ಯ.

'ಅರೆ ಭಾಯ್, ಯಾವನೋ ಒಬ್ಬ ಸ್ಟೇಟಸ್ ಹಾಕವ್ನೆ, ಹಳ್ಳಿ ಕಡೆಯಿಂದ ಒಂದ್ ನರಪಿಳ್ಳೆ ಬಂದಿಲ್ಲ ಇವತ್ತು. ನಾಳೆನೂ ಹಿಂಗೇ ಆದ್ರೆ ಸೋಮವಾರ ತೆಗೀಲೇಬೇಕು. ಅವ್ನ್ ಕೈಗೆ ಸಿಗ್ಲಿ, ಬಿಡಲ್ಲ.'

'ಸಿಕ್ಕಿದ್ದೀನಿ ಸಾಬ್ರೇ' ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಿಮರ್ಶಕ ಇನ್ನೂ ಸ್ವಲ್ಪ ದಪ್ಪಗಿರುತ್ತಾನೆ ಎಂದು ಎಣಿಸಿದ್ದರೋ ಏನೋ. ನಾನು ಬಸ್ಸಿನ ಕಥೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು.

'ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಯಾಕಪ್ಪಾ ಈ ಜನ ಎದ್ದೋಗ್ತಾರೆ, ನಮ್ ಸೀಟಲ್ಲಿ ತಿಗಣೆ ಐತಾ ಅಂತ! ಸರಿ ಬಿಡು. ನಾಳೆ ಕಾಲು ಗಂಟೆ ಜಲ್ದಿ ಶುರು ಮಾಡ್ತೀನಿ. ಇಂಟರ್ವಲ್ಲಲ್ಲಿ ಹತ್ತು ನಿಮಿಷ ಕಡಿತ. ಐದಕ್ಕೆ ಹತ್ತು ನಿಮಿಷ ಇದ್ದಂಗೆ ಬಿಟ್ಬಿಡ್ತೀನಿ. ಆದ್ರೆ ಜನ ತರೋದು ನಿನ್ ಜವಾಬ್ದಾರಿ.'

ಹಾಲಿನ ವ್ಯಾನು ಹತ್ತಿ ಊರ ತಿರುವಿನವರೆಗೆ ಬಂದು ಅಲ್ಲಿಂದ ನಡೆದೆ. ದಾರಿಯುದ್ದಕ್ಕೂ ತಿದ್ದುಪಡಿ ಬರೆದು, ಊರಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಹಾಕಿದೆ: 'ನಾನು ಕೊನೆ ನೋಡದೆ ಬರೆದಿದ್ದೆ. ತಪ್ಪಾಯಿತು. ಗಂಗಕ್ಕ ಇದ್ದಾಳೆ.' ಅದನ್ನು ಮೂರು ಜನ ನೋಡಿದರು. ಅದರಲ್ಲಿ ಒಬ್ಬರು ನಮ್ಮಮ್ಮ, ಅಮ್ಮನ ಫೋನಿನಲ್ಲಿ ನೋಡಿದ್ದೂ ನಾನೇ. ಆರೋಪ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುತ್ತದೆ, ಕ್ಷಮಾಪಣೆ ನಮ್ಮೂರ ಬಸ್ಸಿನಲ್ಲಿ.

ಗಂಗಕ್ಕನ ಮನೆಗೆ ಹೋಗಿ, ಅಲ್ಲಿಂದಲೇ ಅವಳ ತಮ್ಮನಿಗೆ ಫೋನ್ ಮಾಡಿದೆ. 'ಅಣ್ಣಾ, ಆ ಸುದ್ದಿ ಸುಳ್ಳು.'

'ಸುಳ್ಳು ಅನ್ನೋಕೆ ನುವ್ವೆವರಯ್ಯಾ, ನೀನ್ಯಾರು? ಅದ್ನ ಬರ್ದಿರೋನು ನಾಲ್ಕು ತಾಲೂಕಿಗೂ ಗೊತ್ತಿರೋನು!'

'ಬರೆದವನು ನಾನೇ ಅಣ್ಣಾ.'

'ಹೂಂ, ಹಂಗೇ ಅಂತಾರೆ ಎಲ್ಲಾ. ಆಯಪ್ಪ ಒಂದ್ಸಾರಿ ಬರ್ದ ಅಂದ್ರೆ ಮುಗೀತು. ಪೆಟ್ಟೆಯ್, ಇಡಯ್ಯಾ ಫೋನು!'

ನನ್ನ ಬರಹದ ಮುಂದೆ ನನ್ನ ಮಾತೇ ನಡೆಯಲಿಲ್ಲ. ಮತ್ತೆ ಅದೇ ನಂಬರಿಗೆ ಹಚ್ಚಿ ಫೋನನ್ನು ಗಂಗಕ್ಕನ ಕೈಗೆ ಕೊಟ್ಟೆ. ಅವಳು ಒಂದು ನಿಮಿಷ ತಮ್ಮನೊಂದಿಗೆ ತೆಲುಗಿನಲ್ಲಿ ಮಾತಾಡಿದಳು. ಕೈಯಲ್ಲಿ ಮೊರ ಒಂದಿರಲಿಲ್ಲ, ಅಷ್ಟೇ. 'ಬತ್ತಾನಂತೆ' ಎಂದು ಫೋನ್ ವಾಪಸ್ಸು ಕೊಟ್ಟಳು.

ಭಾನುವಾರ ಬಸ್ಸು ಹತ್ತಿದಾಗ ಕಂಡಕ್ಟರಿಗೆ ಎಲ್ಲ ಹೇಳಿದೆ. 'ಅಷ್ಟೇ ತಾನೆ? ನೀನು ಫೋನ್ ಜೇಬ್ಗಾಕು' ಎಂದರು. ಟಿಕೆಟ್ ಹರಿಯುತ್ತಾ ಒಬ್ಬೊಬ್ಬರಿಗೂ, ಪ್ರತಿ ಸ್ಟಾಪಿನಲ್ಲೂ ಬಾಗಿಲಿಂದ ಬಗ್ಗಿ, ಕೂಗುತ್ತಾ ಹೋದರು: 'ಗಂಗಕ್ಕ ಅವ್ಳೆ ಕಣ್ರಪ್ಪಾ, ಕೊನೇಲಿ ಅವ್ಳೆ! ಇವತ್ತು ಪೂರ್ತಿ ನೋಡ್ಕಂಡೇ ಬಸ್ ಹತ್ಬೋದು!' ತರಕಾರಿಗೆ ಹೊರಟವರು, ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದವರು ಬಸ್ಸು ಹತ್ತಿದರು. ಕಂಡಕ್ಟರ್ ಮುಖ ಎಲ್ಲರಿಗೂ ಗೊತ್ತು, ಮಾತೂ ಗೊತ್ತು. ಇಪ್ಪತ್ತು ವರ್ಷ ಚಿಲ್ಲರೆ ತಪ್ಪದೆ ಕೊಟ್ಟ ಮನುಷ್ಯ ಹೇಳಿದರೆ ಯಾರು ನಂಬುವುದಿಲ್ಲ?

ಟಾಕೀಸು ತುಂಬಿತು. ಪಾವಗಡದ ಟೆಂಪೋ ಬಂತು. ಗಂಗಕ್ಕ ಮಧ್ಯದ ಸಾಲಿನಲ್ಲಿ ತಮ್ಮನ ಪಕ್ಕ ಕೂತಿದ್ದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ನಾಲ್ಕು ನಲವತ್ತರವರೆಗೆ. ಆಗ ನಮ್ಮೂರಿನ ಎರಡು ಸಾಲು, ತಲೆಮಾರುಗಳ ಅಭ್ಯಾಸದಿಂದ, ತಾವೇನು ಮಾಡುತ್ತಿದ್ದೇವೆಂದೂ ತಿಳಿಯದೆ ಎದ್ದು ನಿಂತು ಪಂಚೆ ಕೊಡವಿದವು.

'ಲೇ, ಎಲ್ಗೋ ಹೋಯ್ತೀರಾ? ಕೂತ್ಕಳ್ರಲಾ!' ಗಂಗಕ್ಕ ಎದ್ದು ನಿಂತು ಗುಡುಗಿದಳು. ಬಾಗಿಲ ಬಳಿಯಿಂದ ಇನ್ನೊಂದು ದನಿ ಬಂತು: 'ಕೂತ್ಕಳ್ರಪ್ಪಾ, ಕಂಡಕ್ಟ್ರು ನಾನೇ ಇಲ್ಲಿವ್ನಿ, ಬಸ್ ಎಲ್ಗೋದಾತು?' ಎರಡೂ ಸಾಲು ದಬಕ್ಕನೆ ಕೂತವು. ಅದೇ ಹೊತ್ತಿಗೆ ತೆರೆಯ ಮೇಲೆ ಬಾಗಿಲು ತೆರೆಯಿತು. ಮೊರ ಹೊರಗೆ ಬಂತು.

ಆಮೇಲಿನ ಗದ್ದಲವನ್ನು ಬರೆಯಲು ನನಗೆ ಬರುವುದಿಲ್ಲ. ಗಂಗಕ್ಕ ಬೈದದ್ದು ಒಂದಕ್ಷರವೂ ಕೇಳಿಸಲಿಲ್ಲ ಎಂದಷ್ಟೇ ಹೇಳಬಲ್ಲೆ. ತಮ್ಮ ಮಾತ್ರ ಅಳುತ್ತಾ ನಗುತ್ತಾ, 'ನಿನ್ನೆ ಫೋನ್ನಾಗೆ ನನ್ಗೂ ಇದೇ ಬೈದ್ಲು!' ಎಂದು ಅಕ್ಕಪಕ್ಕದವರಿಗೆಲ್ಲ ಸಾರುತ್ತಿದ್ದ.

ಸಿನಿಮಾ ದೊಡ್ಡ ಹಿಟ್ಟೇನೂ ಆಗಲಿಲ್ಲ. ಮಧುಗಿರಿಯಲ್ಲಿ ಇನ್ನೊಂದು ವಾರ ಓಡಿತು. ಬಸ್ಸಿನ ಹಿಂದಿನ ಸೀಟು ಆ ಭಾನುವಾರ ಸಂಜೆ ವಾದಿಸಲು ಏನೂ ಇಲ್ಲದೆ ಮಂಕಾಗಿತ್ತು. 'ನಾವ್ ಮಾಡ್ತಿದ್ ಕೊನೆನೇ ಇನ್ನೂ ಚೆನ್ನಾಗಿರದು' ಎಂದು ಯಾರೋ ಗೊಣಗಿದರು. ನಾನು ಫೋನ್ ತೆಗೆದು, ಮುಂದಿನ ಸೀಟಿನಲ್ಲಿದ್ದ ಗಂಗಕ್ಕನನ್ನು ಕೇಳಿದೆ: 'ಏನಂತ ಬರೀಲಿ ಅಕ್ಕಾ?'

'ಬರೀಬ್ಯಾಡ ಬುಡು ನಾಯ್ನಾ' ಎಂದಳು. 'ಯಾರಾನಾ ಕೇಳಿದ್ರೆ ಹೇಳು.'

ಈಗಲೂ ಶುಕ್ರವಾರ ಮ್ಯಾಟಿನಿಗೆ ಹೋಗುತ್ತೇನೆ. ಬಾಷಾ ಸಾಬರ ಔದಾರ್ಯ ಆ ಒಂದು ಸಿನಿಮಾಕ್ಕೆ ಮಾತ್ರವಾದ್ದರಿಂದ ನಾಲ್ಕು ನಲವತ್ತಕ್ಕೆ ಏಳುತ್ತೇನೆ. ಬಸ್ಸಿನಲ್ಲಿ ಯಾರಾದರೂ 'ಹೆಂಗೈತ್ಲಾ?' ಎಂದು ಕೇಳಿದರೆ, ಮುಖ ತೋರಿಸಿಯೇ ಹೇಳುತ್ತೇನೆ: 'ನಾಲ್ಕು ನಲವತ್ತರ ತನಕ ಚೆನ್ನಾಗೈತೆ. ಆಮೇಲಿಂದು ನಂಗೊತ್ತಿಲ್ಲ.'